ಪಂಚ ನಂಬರ್ ಒಂದು

ತಾಳಿಕೋಟಿ ಠಾಣೆ ಗ್ವಾಡಿಗೆ ಹತ್ತಿ
ಚಾದ ಅಂಗಡಿ ಇಟ್ಟದ್ದು ನನ್ನ ತಪ್ಪು.
ಕೂಗಿದರ ಸಾಕು, ನಾನಽ ಸಿಗತೇನಿ.
"ಡೋಣೂರ, ಬಾರೋ, ಒಂದು ಸಹಿ."
ಹಾಲು ಉಕ್ಕಲಿ, ಒಲಿ ಆರಲಿ,
ಕೈ ಒರಸಿಕೊಂಡು ಹೋಗಿ ನಿಂದರತೇನಿ:
ಪಂಚ ನಂಬರ್ ಒಂದು.
ಎದುರಿಗೆ, ನೆಲದ ಮ್ಯಾಲೆ ಕುಕ್ಕರಗಾಲಿನಾಗ,
ಯಲಗೂರಪ್ಪ.

ಮೊದಲನೇ ಸಲ ಪೋಸ್ಟಮನ್ನನ ಸೈಕಲ್.
ಮೀಸಿ ಇನ್ನೂ ಮೂಡಿರಲಿಲ್ಲ ಅವಗ.
ಡೋಣಿ ಹೊಳಿ ದಾಟಿ, ಹಡಗಿನಾಳ ಹಾದಿಯಾಗ,
ಜಾಲಿ ನೆರಳಿಗೆ ಅದನ್ನ ಬೋರಲು ಹಾಕಿ
ಚೈನಿಗೆ ಎಣ್ಣಿ ಬಿಡೂದರಾಗ ಸಿಕ್ಕ.
"ಕದ್ದದ್ದು ಯಾಕಲೇ?"
"ಬ್ರೇಕ್ ಹಿಡೀತಿರಲಿಲ್ರೀ. ಇಳಿಜಾರಿನಾಗ ಬೀಳತಿದ್ರು."
ಹವಾಲ್ದಾರ ನಕ್ಕ. ನಕ್ಕೋತನಽ ಎರಡು ಕೊಟ್ಟ.
ನಾ ಸಹಿ ಮಾಡಿದೆ.

ಆಮ್ಯಾಲೆ ಎಣಿಸೂದು ಬಿಟ್ಟೆ.
ಕನ್ನಡ ಶಾಲಿ ಮಾಸ್ತರರ ಹರ್ಕ್ಯುಲಿಸ್,
ಪರಸಿ ಖಣಿ ಮಾಲಕನ ಲೂನಾ,
ಯಾರದೋ ಲೇಡೀಸ್ ಸೈಕಲ್ ಒಂದು, ಅದರ ಬುಟ್ಟ್ಯಾಗ
ಅರ್ಧ ಕಿಲೋ ಬದನಿಕಾಯಿ ಹಂಗಽ ಇದ್ದವು.
ಮುದ್ದೇಮಾಲಿನ ಪಟ್ಟಿಯಾಗ ಬದನಿಕಾಯಿನೂ ಬರದರು;
ಕೋರ್ಟಿಗೆ ಹೋಗೂದರಾಗ ಒಣಗಿ ಬೀಜ ಆದವು.
ಕಳಕೊಂಡವರು ಬಿಡಿಸಿಕೊಳ್ಳಾಕ ಬಂದು
ಪೆಡಲು ತಿರುವಿ ನೋಡಿ ಸುಮ್ಮಕಾಗತಿದ್ರು:
ಹೋದಾಗಿನಕಿಂತ ಹಗುರಾಗಿ ತಿರಗತಿತ್ತು.

ಮುದ್ದೇಬಿಹಾಳ ಕೋರ್ಟಿನಾಗ ಕೇಳತಿದ್ರು:
"ನಿಮ್ಮ ಸಮಕ್ಷಮ ಜಪ್ತಿ ಆತೋ?"
"ಆತ್ರಿ."
"ಓದಿ ಹೇಳಿದ್ರೋ?"
"ಹೇಳಿದ್ರಿ."
ಕಟಕಟಿಯಿಂದ ಅವ ನನ್ನ ನೋಡತಿದ್ದ,
ಪಾಠ ಒಪ್ಪಸೋ ತಮ್ಮನ್ನ ಅಣ್ಣ ನೋಡಿದಂಗ.

ಬಂಡೆಪ್ಪನ ಹೊಲದ ಮೋಟರ್ ಹೋದ ರಾತ್ರಿ
(ಇದೊಂದು ಹೇಳಬೇಕಂತನಽ ಬಾಯಿ ತಗದೇನಿ)
ಯಲಗೂರ ನನ್ನ ಅಂಗಡಿ ಬೆಂಚಿನ ಮ್ಯಾಲೆ ಮಲಗಿದ್ದ.
ಮೈ ಕೆಂಡ. ಸುಂಠಿ ಕಾಸಿ ಕುಡಿಸಿದಾವ ನಾನು,
ಕೋಳಿ ಕೂಗೂತನಕ ಹಣಿ ಮುಟ್ಟಿ ಮುಟ್ಟಿ ನೋಡಿದಾವ ನಾನು.
ಮುಂಜಾನೆ ಸಾಹೇಬರು ಅಂದರು:
"ಹಳೇ ಗಿರಾಕಿ ಅದಾನಲ್ಲ, ಹುಡಕೂದೇನು?"
ಕಾಗದ ಮೊದಲಽ ಬರದಿತ್ತು. ನನ್ನ ಹೆಸರೂ ಬರದಿತ್ತು.
ನಾ ತಡದೆ.
"ಡೋಣೂರ, ನಿನ್ನ ಅಂಗಡಿ ಜಾಗ ಯಾರದಪಾ?"
ಸಹಿ ಮಾಡಿದೆ.
ಯಲಗೂರ ಅವತ್ತ ನನ್ನ ನೋಡಲಿಲ್ಲ.
ಪೆನ್ನು ನೋಡಿದ.

ಎಂಟು ತಿಂಗಳು ದರ್ಗಾ ಜೇಲು.
ಬಂದವನಽ ಚಾ ಕೇಳಿದ, ಕುಡಿದ,
ಅಷ್ಟು ವರ್ಷದಾಗ ಮೊದಲ ಸಲ ರೊಕ್ಕ ಇಟ್ಟ.
ಚಿಲ್ಲರ ತಿರುಗಿ ಕೊಟ್ಟರ ಒಲ್ಲೆ ಅಂದ.
ಬೈದಿದ್ರ ಆಗತಿತ್ತು.

ಈಗ ಕಲಮುಗಳ ನಂಬರ್ ಬದಲಾಗ್ಯಾವ.
ಮುನ್ನೂರ ಎಪ್ಪತ್ತೊಂಬತ್ತು ಹೋಗಿ ಮುನ್ನೂರ ಮೂರು ಬಂದದ.
ಹೊಸಾ ರೈಟರ್ ಹುಡುಗ ಮರತು ಹಳೇದಽ ಬರೀತಾನ,
ನೆಲದ ಮ್ಯಾಲೆ ಕುಂತ ಯಲಗೂರ ತಿದ್ದತಾನ.
ತಲಿ ಬೆಳ್ಳಗಾಗೇದ ಅವಂದು. ನಂದೂ.

ನನ್ನ ಸೈಕಲ್ಲಿಗೆ ಕೀಲಿ ಹಾಕೂದು ಬಿಟ್ಟು ಎರಡು ವರ್ಷ ಆತು.
ಚೈನು ಕಿರಗುಡತದ, ಹಿಂದಿನ ಗಾಲಿ ಅಲಗತದ.
ಅಂಗಡಿ ಮುಂದ, ದೀಪದ ಬೆಳಕಿನಾಗ, ಆನಿಸಿ ಇಡತೇನಿ.
ದಿನಾ ಅದರ ಬಾಜೂಕನಽ ಹಾಯ್ತಾನ.
ನಾ ಹತ್ತಿ ಹೊಂಟಾಗ ನಿಂತು,
ಆ ಕಿರಗುಟ್ಟೂದನ್ನ ಓಣಿ ತಿರುಗೂತನಕ ಕೇಳತಾನ.
ಮುಟ್ಟೂದಿಲ್ಲ.