ದಿಮ್ಮಿಗಳು ತಂಗುವ ತಿರುವು

ಹೊರಗೆ ಸೊನ್ನೆಗಿಂತ ಇಪ್ಪತ್ತೆಂಟು ಕೆಳಗೆ.
ಮಂಜುಗಟ್ಟಿ ಸೀಸೆ ಬಿರಿಯದಿರಲೆಂದು
ಕೋಟಿನೊಳಗೆ ಎದೆಗವಚಿಕೊಂಡು ಒಯ್ಯುತ್ತೇನೆ
ಹನ್ನೊಂದು ಮಂದಿ ಮರ ಕಡಿಯುವವರ ರಕ್ತ.
ನಡೆದಂತೆಲ್ಲ ಕಿಣಿಕಿಣಿ.
ಗಂಡ ನಗುತ್ತಿದ್ದ: ಇರ್ಯಾ, ಊರ ಗಂಡಸರನ್ನೆಲ್ಲ
ಎದೆಯಲ್ಲಿಟ್ಟುಕೊಂಡವಳು ನೀನೊಬ್ಬಳೇ.

ನಗುತ್ತಿದ್ದ, ಅಂದೆ. ನಲವತ್ತಾರಕ್ಕೇ ಹೋದ,
ಬೆಣ್ಣೆಯಿಂದ ಕೂದಲು ತೆಗೆದ ಹಾಗೆ.
ಹಿಮ ಎತ್ತುವ ಸಲಿಕೆ ಕೈಯಲ್ಲೇ ಇತ್ತು.
ಅವನ ಸೀಸೆ ಯಾರೂ ತುಂಬಿರಲಿಲ್ಲ,
ನಾನೂ.

ಉತ್ತರ ಕರೇಲಿಯಾದಲ್ಲಿ ಅದು ಸುದ್ದಿಯಲ್ಲ.
ಗಂಡಸರು ಮರದ ಹಾಗೆ ಬೀಳುತ್ತಾರೆ, ನಿಂತಲ್ಲೇ;
ಹೆಂಗಸರು ಹಾಲು ಕರೆದು ಮುಗಿಸಿ ಅಳುತ್ತಾರೆ.

ಕೌಕೊ ತುರುನೆನ್ ಮನೆಗೆ ಹೋದರೆ
ಮೊದಲು ತಿನ್ನಬೇಕು, ಆಮೇಲೆ ಸೂಜಿ.
ಹೆಂಡತಿ ಸೈಮಿ ಕಪ್ಪು ರೈ ರೊಟ್ಟಿಯ ಮೇಲೆ
ಬೆರಳು ದಪ್ಪ ಬೆಣ್ಣೆ ಬಳಿಯುತ್ತಾಳೆ.
ಮನ್ಸಿಕ್ಕಿಯ ಬೆಣ್ಣೆ. ಮನ್ಸಿಕ್ಕಿ ಅವರ ಹಸು;
ಯುದ್ಧದಲ್ಲಿ ಮನೆ ಬಿಟ್ಟು ಗಡಿ ದಾಟಿದಾಗ
ಹಗ್ಗ ಹಿಡಿದು ನಡೆಸಿ ತಂದ ಹಸುವಿನ
ಮೊಮ್ಮಗಳೋ ಮರಿಮಗಳೋ.
ಹಸಿವು ಕಂಡ ಕೈ ಅದು. ತೆಳುವಾಗಿ ಸವರಿದರೆ
ಬಂದವರಿಗೆ ಅವಮಾನ.
ತಿಂದೆ. ಬಾಯೊರೆಸಿಕೊಂಡೆ. ಚೀಲ ಬಿಚ್ಚಿದೆ.
ಉಂಡ ಮನೆಯ ಗಳ ಎಣಿಸುವುದೇ ನನ್ನ ನೌಕರಿ.

ಪಟ್ಟಣದ ಪ್ರಯೋಗಶಾಲೆಯಲ್ಲಿ ಯಂತ್ರ ಗಿರಗಿರ ತಿರುಗಿದರೆ
ಕೆಂಪು ತಳಕ್ಕಿಳಿದು ಮೇಲೆ ಉಳಿಯುವುದು
ಒಣಹುಲ್ಲಿನ ಬಣ್ಣದ ನೀರು.
ಮೊದಲೆಲ್ಲ ಒಂದೇ ಅಂಕಿ ಕಳಿಸುತ್ತಿದ್ದರು.
ಈ ಚಳಿಗಾಲದಿಂದ ಬಿಡಿಸಿ ಬರೆಯುತ್ತಾರೆ:
ಇಷ್ಟು ಕೆಟ್ಟದ್ದು, ಇಷ್ಟು ಒಳ್ಳೆಯದು.

ಕೌಕೊ ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದ,
ಖೋಟಾ ನೋಟೇನೋ ಎನ್ನುವ ಹಾಗೆ.
"ತಿಂದದ್ದು ಒಂದೇ ಬೆಣ್ಣೆ. ಇದರಲ್ಲಿ ಕೆಟ್ಟದ್ದು ಯಾವುದು?"

ಪುಸ್ತಕದ ಮಾತು ಗಂಟಲಲ್ಲೇ ಉಳಿಯಿತು.
ಕಿಟಕಿಯಾಚೆ ಕೊಯ್ತಾ ನದಿ, ಮಂಜುಗಡ್ಡೆಯಡಿ.
ಮೂವತ್ತು ವಸಂತ ಅದರಲ್ಲಿ ದಿಮ್ಮಿ ತೇಲಿಸಿದವನಿಗೆ ಅಂದೆ:
ಕೊಬ್ಬು ನೀರಲ್ಲಿ ಬೆರೆಯದು, ಕೌಕೊ,
ರಕ್ತದಲ್ಲಿ ಸಾಗಲು ಅದಕ್ಕೊಂದು ತೆಪ್ಪ ಬೇಕು.
ಒಂದು ಬಗೆಯದು ಲಿವರಿನ ಕಡವಿನಿಂದ ಹೊತ್ತು ಹೊರಡುತ್ತದೆ.
ಅತಿಯಾದರೆ ದಡದೊಳಕ್ಕೇ ತೂರಿ, ಅಲ್ಲೇ ಕೂತು,
ಕಮಟು ಹಿಡಿದು, ಹೂಳು ಬೆಳೆಸುತ್ತದೆ;
ಹೂಳು ಒಡೆದ ದಿನ ನದಿ ಕಟ್ಟಿಹೋಗುತ್ತದೆ.
ಇನ್ನೊಂದು ಪುಟ್ಟದು, ಗಟ್ಟಿ ಮೈಯದು,
ದಡ ತಡವುತ್ತ ಬಂದು
ಬಿಟ್ಟುಹೋದದ್ದನ್ನು ಹೆಕ್ಕಿ ಮತ್ತೆ ಕಡವಿಗೊಯ್ಯುತ್ತದೆ.
ನಿಮ್ಮಲ್ಲೂ ಕೊನೆಗೆ ಬರುವವರಿದ್ದರಲ್ಲ,
ಕೊಕ್ಕೆಗೋಲು ಹಿಡಿದು?

ಬಹಳ ಹೊತ್ತು ಮಾತಿಲ್ಲ.
ಸಿಗರೇಟು ಹಚ್ಚಹೋದವನು ನನ್ನ ಮುಖ ನೋಡಿ
ಕಿವಿಗೆ ಸಿಕ್ಕಿಸಿಕೊಂಡ.

"ಐವತ್ತೆಂಟರಲ್ಲಿ ಕುರಿಮ್ಯಾಕಿ ತಿರುವಲ್ಲಿ ಅಡ್ಡಗಟ್ಟಿತು.
ಎರಡು ಸಾವಿರ ದಿಮ್ಮಿ.
ಕೊಕ್ಕೆಯವರು ಹದಿನಾಲ್ಕು ಜನ ಇದ್ದೆವು. ಒಳ್ಳೆಯವರೇ.
ಇನ್ನೂ ಹತ್ತು ಜನರನ್ನ ಕಳಿಸಿದರು, ಅವರೂ ಒಳ್ಳೆಯವರೇ.
ಮೇಲಿನಿಂದ ದಿಮ್ಮಿ ಬಿಡುವುದು ನಿಲ್ಲಿಸುವ ತನಕ
ನಮ್ಮ ಒಳ್ಳೆಯತನದಿಂದ
ಏನೂ ಆಗಲಿಲ್ಲ."

ಆಮೇಲೆ, ಚೀಟಿ ಮಡಚುತ್ತ:
"ದಿಮ್ಮಿಯನ್ನ ಮಾತ್ರ ಬೈಯಬೇಡ. ಈ ಮನೆ ಅದರದ್ದೇ."
ಹೌದು, ಅಂದೆ. ಮೈಯ ಒಂದೊಂದು ಕಣದ ಗೋಡೆಗೂ
ಅದೇ ತೊಲೆ.
ಸೈಮಿ ಒಲೆಗೆ ಕಟ್ಟಿಗೆ ಒಟ್ಟುತ್ತಿದ್ದಳು, ಬೆನ್ನು ಹಾಕಿ,
ಕೇಳಿಸಿಕೊಳ್ಳದವಳ ಹಾಗೆ.

ಮಾರ್ಚಿಯಲ್ಲಿ ಮತ್ತೆ ಹೋದೆ. ನದಿ ಇನ್ನೂ ಬಾಯಿ ಬಿಟ್ಟಿರಲಿಲ್ಲ.
ತಟ್ಟೆಯಲ್ಲಿ ಬೆಣ್ಣೆಯ ಸಂದಿಯಿಂದ
ಅಲ್ಲಲ್ಲಿ ರೊಟ್ಟಿ ಕಾಣುತ್ತಿತ್ತು.
ಸೈಮಿ ಮುಖ ತಿರುಗಿಸಿ ನಿಂತಿದ್ದಳು,
ಒಂದೇ ಚಳಿಗಾಲದಲ್ಲಿ ಬಡವಳಾದವಳಂತೆ.

ಭೇಷ್ ಎನ್ನಲಿಲ್ಲ ನಾನು. ಅಂಕಿಯ ಮಾತೂ ಎತ್ತಲಿಲ್ಲ.
ತಿಂದು ಮುಗಿಸಿ,
ಇನ್ನೊಂದು ತುಂಡು ಕೇಳಿದೆ.