ಎರಡನೆಯ ಹನಿ

ನೂರಾ ಹನ್ನೆರಡು ಅಂದಿತು ಯಂತ್ರ.
ರಾತ್ರಿ ಎರಡೂ ನಲವತ್ತು, ಲಿಂಗಸುಗೂರಿನ ತಾಲೂಕು ಆಸ್ಪತ್ರೆ,
ಒಂದು ಕಿಲೋ ಒಂಬೈನೂರರ ಕೂಸು,
ಹುಟ್ಟಿ ನಾಲ್ಕು ತಾಸು, ಹೆಸರಿನ್ನೂ ಇಲ್ಲ,
ಮಣಿಕಟ್ಟಿನ ಪಟ್ಟಿಯಲ್ಲಿ ಅಮರಮ್ಮನ ಮಗು ಅಂತಷ್ಟೇ.

ಒಳ್ಳೆಯ ಅಂಕಿ. ಖುಷಿಯಾಗಬೇಕಿತ್ತು ನನಗೆ.
ಆದರೆ ಕೂಸಿನ ಕೈ ನಡುಗುತ್ತಿತ್ತು,
ಗಾಳಿಗಲ್ಲ, ಫ್ಯಾನು ಕೆಟ್ಟು ವಾರವಾಗಿತ್ತು.
ಹಿಡಿದರೆ ನಿಂತು, ಬಿಟ್ಟರೆ ಮತ್ತೆ ಶುರುವಾಗುವ
ಸಣ್ಣ, ಒಳಗಿನ ನಡುಕ.
ಹಾಲಿಗೆ ಬಾಯಿ ತೆರೆಯುತ್ತಿರಲಿಲ್ಲ.
ಅಂಕಿ ಒಂದು ಹೇಳಿ ಕೈ ಇನ್ನೊಂದು ಹೇಳಿದರೆ
ಮೊದಲು ಕೈಯ ಮಾತು ಕೇಳು:
ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಕಲಿತದ್ದು ಇಷ್ಟು.

ಬಗ್ಗಿ ಹಿಮ್ಮಡಿ ಮೂಸಿದೆ.
ಬೆಲ್ಲ.

ಮೂಲೆಯಲ್ಲಿ ಆದೆಮ್ಮ ಸೆರಗಿಗೆ ಕೈ ಒರೆಸಿಕೊಂಡಳು.
‘ನಾಲಿಗಿಗೆ ಹಚ್ಚಿಲ್ರೀ ಯಕ್ಕಾ, ನೀವು ಬ್ಯಾಡ ಅಂದ್ರಿ,
ಹಚ್ಚಲಿಲ್ಲ.
ಬಟ್ಟು ಅದ್ದಿದ್ದೆ, ಒರೆಸೋದು ಮರೆತೆ.
ಪಾದ ಮುಟ್ಟಿ ಕಣ್ಣಿಗೊತ್ಕೊಂಡೆ, ಅಷ್ಟ.’

ಅಷ್ಟೇ ಸಾಕು.
ರಕ್ತದ ಸಕ್ಕರೆ ಯಾವುದು, ಅಜ್ಜಿಯ ಸಕ್ಕರೆ ಯಾವುದು
ಆ ಅಂಗೈಯಗಲದ ಡಬ್ಬಿಗೆ ಗೊತ್ತಾಗುವುದಿಲ್ಲ.

ಬಿಸಿನೀರಿನ ಅರಿವೆಯಿಂದ ತೊಳೆದೆ, ಆರಲು ಬಿಟ್ಟೆ.
ಮೊದಲ ಹನಿ ಹತ್ತಿಗೆ.
ಎರಡನೆಯದು ಪಟ್ಟಿಗೆ: ಮೂವತ್ತನಾಲ್ಕು.
ನಂಬದೆ ಇನ್ನೊಂದು ಪಟ್ಟಿ: ನಲವತ್ತೊಂದು.
ಅದೇ ಹಿಮ್ಮಡಿ, ಅದೇ ನಿಮಿಷ.

ಫೋನಿನಲ್ಲಿ ಡಾಕ್ಟರ ನಿದ್ದೆ ಹರಿಯದ ದನಿ:
‘ಎರಡೂ ಕಡಿಮೇನೇ ಸಿಸ್ಟರ್. ಲ್ಯಾಬಿಗೆ ಕಳಿಸಿ, ಆದ್ರೆ ಕಾಯಬೇಡಿ,
ಡೆಕ್ಸ್‌ಟ್ರೋಸ್ ತೆಗೆದಿಡಿ, ಬಂದೆ.’

ಬೂದು ಮುಚ್ಚಳದ ನಳಿಕೆಗಳು ಮುಗಿದಿದ್ದವು.
ಲ್ಯಾಬಿನ ಜಿಲಾನಿ ಬೇರೆ ಯಾರಿಗೋ ರಕ್ತದ ಚೀಲ ತರಲು ಹೋಗಿದ್ದ.
ಕೆಂಪು ಮುಚ್ಚಳದೊಳಗೆ ಕೂಸಿನ ರಕ್ತ
ಮುಕ್ಕಾಲು ತಾಸು ಕಾದು ಕೂತಿತು,
ಕೂತಲ್ಲೇ ತನ್ನ ಸಕ್ಕರೆಯನ್ನು ತಾನೇ ತಿಂದಿತು.
ಮೈ ಬಿಟ್ಟು ಬಂದ ಮೇಲೂ ಹಸಿವು ಬಿಟ್ಟಿರಲಿಲ್ಲ ಅದಕ್ಕೆ.
ಬೆಳಗಿನ ಚೀಟಿಯಲ್ಲಿ ಇಪ್ಪತ್ತೆಂಟು.
ದೊಡ್ಡ ಯಂತ್ರ, ಅಚ್ಚಾದ ಅಕ್ಷರ, ಸಹಿ, ಮೊಹರು.
ಅದೂ ಪೂರಾ ನಿಜವಲ್ಲ.

ಆರಕ್ಕೆ ಮೌನೇಶ ಬಂದ, ಹಟ್ಟಿಯಿಂದ, ಪಾಳಿ ಮುಗಿಸಿ,
ಬೂಟಿನ ತುಂಬ ಅದಿರಿನ ಬಿಳಿ ಪುಡಿ.
‘ಖರೇ ಎಷ್ಟಿತ್ರೀ?’
ಗೊತ್ತಿಲ್ಲ ಅಂದೆ. ಕಡಿಮೆ ಇತ್ತು, ಈಗ ಏರುತ್ತಿದೆ,
ಖರೇ ಎಷ್ಟು ಅಂತ ಯಾರಿಗೂ ಗೊತ್ತಿಲ್ಲ.

ಬೈಯುತ್ತಾನೆ ಅಂದುಕೊಂಡಿದ್ದೆ. ತಲೆಯಾಡಿಸಿದ.
‘ನಮ್ಮ ಮಾದರಿ ಕ್ವಾಣ್ಯಾಗೂ ಹಂಗರೀ.
ಟನ್ ಕಲ್ಲಿಗೆ ಮೂರು ಗ್ರಾಮು ಬಂಗಾರ.
ಬೆರಳಾಗ ಉಂಗುರ ಇಟ್ಕೊಂಡು ಪುಡಿ ಮುಟ್ಟಿದ್ರ
ಇಡೀ ಗಣೀನ ಸುಳ್ಳು ಹೇಳತೈತಿ.’

ಆದೆಮ್ಮ ತನ್ನ ಬಟ್ಟನ್ನೇ ನೋಡುತ್ತಿದ್ದಳು.

ದಾಖಲೆ ಪುಸ್ತಕದಲ್ಲಿ ಅಂಕಿಗೆ ಇರುವುದು ಒಂದೇ ಮನೆ.
ನಾಲ್ಕನ್ನೂ ತುರುಕಿ ಬರೆದೆ, ಯಾವುದನ್ನೂ ಹೊಡೆಯಲಿಲ್ಲ.
ನೂರಾ ಹನ್ನೆರಡರ ಪಕ್ಕ: ಹಿಮ್ಮಡಿಯಲ್ಲಿ ಬೆಲ್ಲ.
ಯಾರ ಬೆಲ್ಲ ಎಂದು ಬರೆಯಲಿಲ್ಲ.

ಏಳಕ್ಕೆ ಮತ್ತೆ ಚುಚ್ಚಬೇಕು, ಈ ಸಲ ಎಡಗಾಲು.
ಕೇಳುವ ಮೊದಲೇ ಆದೆಮ್ಮ ಬಿಸಿನೀರು ತಂದಿಟ್ಟು
ಗೋಡೆಗೆ ಆತು ನಿಂತಳು,
ಎರಡೂ ಕೈ ಬೆನ್ನ ಹಿಂದೆ.