ಮುಚ್ಚಳ

ಆತ್ಮಗಳ ಹಬ್ಬಕ್ಕೆ ಇನ್ನು ಐದೇ ದಿನ.
ಸಕಲೇಶಪುರದ ಸಿಮೆಟ್ರಿಯಲ್ಲಿ ಹುಲ್ಲು
ಮೊಣಕಾಲು ದಾಟಿ, ಕಲ್ಲಿನ ಮೇಲಿನ ಹೆಸರು ಓದಲು ಬಿಡುತ್ತಿಲ್ಲ.
ಕೋಳಿ ಕಾವಿಗೆ ಕೂರುತ್ತಿದ್ದ ಯಂತ್ರವನ್ನು
ಶೆಡ್ಡಿನಿಂದ ಎಳೆದು ತಂದ ಇನಾಸಣ್ಣ.
"ಗುಜರಿಗೆ ಹಾಕು ಅಂದ್ರು ಫಾದರ್."

ನಾನು ಹೊಲಿಗೆ ಮಷೀನು ರಿಪೇರಿಯವಳು,
ಎಂಜಿನ್ನು ನನ್ನ ಕಸುಬಲ್ಲ.
ಸ್ಕ್ರೂಡ್ರೈವರಿಗೆ ಅಷ್ಟೆಲ್ಲ ಜಾತಿ ಗೊತ್ತಿಲ್ಲ.

ಸೈಲೆನ್ಸರಿನೊಳಗೆ ಕಣಜದ ಮಣ್ಣುಗೂಡು.
ಕಾರ್ಬುರೇಟರಿನಲ್ಲಿ ಆರು ವರ್ಷದ ಪೆಟ್ರೋಲು
ಬೆಲ್ಲದ ಪಾಕದಂತೆ ಅಂಟಿ ಕೂತಿದೆ.
ಜೆಟ್ಟಿನ ಕಣ್ಣಿಗೆ ಒಂಬತ್ತನೇ ನಂಬರಿನ ಸೂಜಿಯೂ ದಪ್ಪ;
ಎಕ್ಸಲೇಟರ್ ಕೇಬಲ್ಲಿನ ಒಂದೆಳೆ ಬಿಡಿಸಿ, ತೂರಿಸಿ,
ಬೆಳಕಿಗೆ ಹಿಡಿದೆ:
ಆಚೆ ಒಂದು ಚುಕ್ಕಿ ಆಕಾಶ.

ಪ್ಲಗ್ಗಿಗೆ ಉಪ್ಪುಕಾಗದ. ಹೊಸ ಹಗ್ಗ.
ಸರದಿಯಲ್ಲಿ ಎಳೆದೆವು, ಇಪ್ಪತ್ತು, ಮೂವತ್ತು,
ಅವನ ಬೈಗುಳ ಕೊಂಕಣಿಗೆ ಹೊರಳಿತು.
ಕೆಮ್ಮಿತು. ನೀಲಿ ಹೊಗೆ. ಹಿಡಿಯಿತು!
ಎರಡು ಸಮಾಧಿ ದಾಟಿ ನಿಂತಿತು.
ಮತ್ತೆ ಎಳೆ. ಮತ್ತೆ ಎರಡೇ ಸಮಾಧಿ.

ಟ್ಯಾಂಕಿನ ಮುಚ್ಚಳ ತಿರುವಿದೆ,
ಸುಯ್ಯೆಂದು ಒಳಗೆಳೆದುಕೊಂಡಿತು ಗಾಳಿ,
ಮುಳುಗೆದ್ದವರ ಹಾಗೆ.
ಮುಚ್ಚಳದಲ್ಲಿ ಉಸಿರಿಗೆಂದೇ ಇದ್ದ ತೂತಿಗೆ
ಯಾರೋ ಮೇಣದಬತ್ತಿ ಕರಗಿಸಿ ಮೆತ್ತಿದ್ದಾರೆ.
"ಸೋರ್ತದೆ ಅಂತ..." ಅಂದ ಇನಾಸಣ್ಣ,
ನೆಲ ನೋಡುತ್ತ.
ಬೆಳಗ್ಗೆಯಿಂದ ದಪ್ಪವಾಗಿದ್ದ ಸೂಜಿಗೆ
ಈಗ ಕೆಲಸ ಸಿಕ್ಕಿತು.

ಆಮೇಲೆ ನಿಲ್ಲಲಿಲ್ಲ ಅದು.
ಹೊತ್ತು ಇಳಿವಾಗ, ಕೊನೆಯ ಸಾಲಿನ ಹುಲ್ಲಿನಡಿ
ಹೆಸರಿಲ್ಲದ ಒಂದು ಗೇಣುದ್ದದ ಕಲ್ಲು.
ಯಂತ್ರವನ್ನು ದೂರ ನಿಲ್ಲಿಸಿದ, ಆರಿಸಲಿಲ್ಲ,
ಆರಿಸುವ ಧೈರ್ಯ ಇಬ್ಬರಿಗೂ ಇರಲಿಲ್ಲ.
ಅದರ ಗದ್ದಲದೊಳಗೇ ಕೈಚಾಚಿ
ಕುಡುಗೋಲು ಕೇಳಿದ.